ಮೂತ್ರಕೋಶ ಕಳೆದುಕೊಂಡವರ ಚೇತರಿಕೆಯೂ ನಮ್ಮ ಕರ್ತವ್ಯವೂ

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಮ್ಮ ನಡುವೆ ಅನೇಕರಿದ್ದಾರೆ. ಅವರು ತಮ್ಮ ಅನುಭವವನ್ನು ಬಂಧುಮಿತ್ರರೊಡನೆ ಮುಕ್ತವಾಗಿ ಹೇಳಿಕೊಳ್ಳುತ್ತಾರೆ. ಎಷ್ಟು ರಕ್ತನಾಳಗಳು ಕಟ್ಟಿಕೊಂಡಿದ್ದವು, ಯಾವ ವೈದ್ಯರು ಸರಿಪಡಿಸಿದರು ಎಂಬುದನ್ನು ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿಯೂ ವರ್ಣಿಸುವುದುಂಟು. ಕಣ್ಣಿನ ಪೊರೆ, ಮೊಣಕಾಲಿನ ಕೀಲು ಇವುಗಳ ಸಂಗತಿಯೂ ಹಾಗೆಯೇ. ಆದರೆ ಮೂತ್ರಕೋಶವನ್ನು ತೆಗೆಸಿಕೊಂಡವರೊಬ್ಬರು ಆ ವಿಷಯವನ್ನು ನಾಲ್ಕು ಜನರೆದುರು ಆಡಿದ್ದನ್ನು ಕೇಳಿದವರು ವಿರಳ. ಮನೆಯವರು ‘ಹೊಟ್ಟೆಯ ಆಪರೇಷನ್’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ. ರೋಗಿ ಕ್ರಮೇಣ ಸಭೆ ಸಮಾರಂಭಗಳಿಂದ ಮರೆಯಾಗುತ್ತಾರೆ. ಕಾಯಿಲೆ ಗುಣವಾದರೂ ಮನುಷ್ಯ ಹಿಂದಿರುಗುವುದಿಲ್ಲ.

ಈ ಮೌನವೇ ಚೇತರಿಕೆಗೆ ಇರುವ ದೊಡ್ಡ ಅಡ್ಡಿಗಳಲ್ಲೊಂದೆಂದೂ, ಅದನ್ನು ನಿವಾರಿಸುವ ಶಕ್ತಿ ಆಸ್ಪತ್ರೆಗಿಂತ ಹೆಚ್ಚಾಗಿ ನಮ್ಮಂತಹ ಸಂಘಗಳಿಗೆ ಇದೆಯೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ.

ಶಸ್ತ್ರಚಿಕಿತ್ಸೆಯ ಸ್ವರೂಪ

ಮೂತ್ರಪಿಂಡಗಳು ಹಗಲಿರುಳೆನ್ನದೆ ರಕ್ತವನ್ನು ಸೋಸಿ ಮೂತ್ರವನ್ನು ಉತ್ಪಾದಿಸುತ್ತವೆ. ಅದು ಎರಡು ನಾಳಗಳ ಮೂಲಕ ಹನಿಹನಿಯಾಗಿ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶವನ್ನು ಸೇರುತ್ತದೆ. ಈ ಕೋಶದ ಒಳಪದರದಲ್ಲಿ ಹುಟ್ಟಿದ ಕ್ಯಾನ್ಸರ್ ಸ್ನಾಯುಪದರವನ್ನು ಹೊಕ್ಕಾಗ ಇಡೀ ಕೋಶವನ್ನೇ ತೆಗೆಯುವುದು ಪ್ರಮುಖ ಚಿಕಿತ್ಸೆ. ಜೊತೆಗೆ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನೂ, ಸ್ತ್ರೀಯರಲ್ಲಿ ಅನೇಕ ವೇಳೆ ಗರ್ಭಕೋಶವನ್ನೂ ತೆಗೆಯಬೇಕಾಗುತ್ತದೆ. ಈ ರೋಗಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕು. ಬೀಡಿ, ಸಿಗರೇಟುಗಳ ವಿಷಾಂಶವು ರಕ್ತದಿಂದ ಸೋಸಿ ಮೂತ್ರದಲ್ಲಿ ಬಂದು ಗಂಟೆಗಟ್ಟಲೆ ಕೋಶದಲ್ಲಿ ನಿಲ್ಲುತ್ತದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ರೋಗ ಕಾಣಿಸುವುದನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೇನ್ 1895ರಲ್ಲಿಯೇ ತೋರಿಸಿಕೊಟ್ಟಿದ್ದನು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು ಇದರ ಮುಖ್ಯ ಸೂಚನೆ. ಒಮ್ಮೆ ಬಂದು ತಾನಾಗಿಯೇ ನಿಂತರೂ ಅದನ್ನು ಉಷ್ಣವೆಂದು ಭಾವಿಸಿ ಎಳನೀರು ಕುಡಿದು ಸುಮ್ಮನಿರುವುದು ಅಪಾಯಕರ.

ಮೂತ್ರಕೋಶ ಹೋದ ಮೇಲೆ ಮೂತ್ರಕ್ಕೆ ಬೇರೆ ದಾರಿ ಬೇಕಷ್ಟೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ಯೂಜೀನ್ ಬ್ರಿಕರ್ 1950ರಲ್ಲಿ ಪ್ರಚುರಪಡಿಸಿದ ವಿಧಾನವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಸಣ್ಣ ಕರುಳಿನ ಸುಮಾರು 15ರಿಂದ 20 ಸೆಂಟಿಮೀಟರ್ ಉದ್ದದ ತುಂಡೊಂದನ್ನು ಬೇರ್ಪಡಿಸಿ, ಅದರ ಒಂದು ಕಡೆಗೆ ಮೂತ್ರನಾಳಗಳನ್ನು ಜೋಡಿಸಿ, ಇನ್ನೊಂದು ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಚರ್ಮದ ಮೇಲಕ್ಕೆ ತರುತ್ತಾರೆ. ಈ ಹೊರದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಅದರ ಮೇಲೆ ಅಂಟಿಸಿದ ಚೀಲದಲ್ಲಿ ಮೂತ್ರ ಸಂಗ್ರಹವಾಗುತ್ತದೆ. ಎರಡನೆಯ ವಿಧಾನದಲ್ಲಿ ಸುಮಾರು 50ರಿಂದ 60 ಸೆಂಟಿಮೀಟರ್ ಕರುಳನ್ನು ಸೀಳಿ ಹೊಲಿದು ಗೋಳಾಕಾರದ ಹೊಸ ಕೋಶವನ್ನು ರಚಿಸಿ ಹಳೆಯ ಮೂತ್ರದ್ವಾರಕ್ಕೇ ಜೋಡಿಸುತ್ತಾರೆ.

ಎರಡನೆಯದರಲ್ಲಿ ಹೊರಗೆ ಏನೂ ಕಾಣುವುದಿಲ್ಲವಾದ್ದರಿಂದ ಅನೇಕರ ಮನಸ್ಸು ಅತ್ತಲೇ ವಾಲುತ್ತದೆ. ಆದರೆ ಆ ಹೊಸ ಕೋಶಕ್ಕೆ ತುಂಬಿದ್ದನ್ನು ತಿಳಿಸುವ ಹಳೆಯ ಸಂವೇದನೆಯಿಲ್ಲ. ಆರಂಭದಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಗಡಿಯಾರಕ್ಕೆ ಅಲಾರಂ ಕೊಟ್ಟು ಎದ್ದು, ಕುಳಿತು, ಹೊಟ್ಟೆಯನ್ನು ಬಿಗಿಹಿಡಿದು ಅದನ್ನು ಖಾಲಿ ಮಾಡಬೇಕು. ಕೆಲವರು ತಾವೇ ನಳಿಕೆ ಹಾಕಿಕೊಂಡು ತೆಗೆಯುವುದನ್ನು ಕಲಿಯಬೇಕಾಗುತ್ತದೆ. ಹಾಸಿಗೆ ಒದ್ದೆಯಾಗುವ ತೊಂದರೆ ತಿಂಗಳುಗಟ್ಟಲೆ ಇರಬಹುದು. ಮೂತ್ರಪಿಂಡಗಳು ದುರ್ಬಲವಾಗಿದ್ದವರಿಗೆ ಇದು ಹೊಂದುವುದೂ ಇಲ್ಲ. ಒಂದು ವಿಧಾನ ಇನ್ನೊಂದಕ್ಕಿಂತ ಸುಖಕರವೆಂದು ಅಧ್ಯಯನಗಳು ಖಚಿತವಾಗಿ ತೋರಿಸಿಲ್ಲ. ಹೀಗಿರುವಾಗ ‘ಚೀಲ ಬೇಡ, ಜನ ನೋಡುತ್ತಾರೆ’ ಎಂಬ ಒಂದೇ ಕಾರಣದಿಂದ ನಿರ್ಧಾರ ಕೈಗೊಂಡರೆ, ಚಿಕಿತ್ಸೆಯನ್ನು ಆರಿಸಿದ್ದು ನಾಚಿಕೆಯೇ ಹೊರತು ವಿವೇಚನೆಯಲ್ಲ.

ಮನೆಗೆ ಬಂದ ಮೇಲೆ

ಸಾಮಾನ್ಯವಾಗಿ ಒಂದು ವಾರ ಹತ್ತು ದಿನಗಳಲ್ಲಿ ರೋಗಿ ಮನೆಗೆ ಬರುತ್ತಾರೆ. ಇದು ಸಣ್ಣ ಚಿಕಿತ್ಸೆಯಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರವು 2009ರಲ್ಲಿ ಪ್ರಕಟಿಸಿದ ವರದಿಯಂತೆ, ಅಂತಹ ಖ್ಯಾತ ಸಂಸ್ಥೆಯಲ್ಲಿಯೂ ನೂರಕ್ಕೆ 64 ರೋಗಿಗಳಿಗೆ ಮೊದಲ 90 ದಿನಗಳಲ್ಲಿ ಸಣ್ಣದೋ ದೊಡ್ಡದೋ ಒಂದು ತೊಡಕು ತಲೆದೋರಿತ್ತು. ಆದ್ದರಿಂದ ಮೂರು ತಿಂಗಳ ಕಾಲ ಆಯಾಸ, ಊಟ ಸೇರದಿರುವುದು, ತೂಕ ಇಳಿಯುವುದು ಇವನ್ನು ಕಂಡು ಧೃತಿಗೆಡಬೇಕಾದುದಿಲ್ಲ. ಉದಾಸೀನ ಮಾಡಬೇಕಾದುದೂ ಇಲ್ಲ.

ನಮ್ಮ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಬಾಣಂತಿಯಂತೆ ಮಲಗಿಸಿ ಉಪಚರಿಸುವುದು ವಾಡಿಕೆ. ಪ್ರೀತಿಯಿಂದ ಮಾಡುವ ಈ ಉಪಚಾರವೇ ಇಲ್ಲಿ ತೊಂದರೆಗೆ ಕಾರಣವಾಗಬಹುದು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ರೋಗಿಯನ್ನು ಆದಷ್ಟು ಬೇಗ ಎಬ್ಬಿಸಿ ನಡೆಸುತ್ತಾರೆ, ಬೇಗ ಆಹಾರ ಕೊಡುತ್ತಾರೆ. ಮಲಗಿದಲ್ಲೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಕರುಳಿನ ಚಲನೆಯೂ ನಿಧಾನವಾಗುತ್ತದೆ. ಮೊದಲು ಮನೆಯ ಹಜಾರದಲ್ಲಿ, ಅನಂತರ ಮಹಡಿಯ ಮೊಗಸಾಲೆಯಲ್ಲಿ, ಒಂದು ತಿಂಗಳ ಮೇಲೆ ಇಂದಿರಾಪುರಂನ ಸ್ವರ್ಣಜಯಂತಿ ಉದ್ಯಾನದಲ್ಲಿ ಸುತ್ತು ಹೆಚ್ಚಿಸುತ್ತ ಹೋಗುವುದು ಉತ್ತಮ ಕ್ರಮ. ಆದರೆ ಆರರಿಂದ ಎಂಟು ವಾರಗಳವರೆಗೆ ನೀರು ತುಂಬಿದ ಬಕೆಟ್ಟನ್ನಾಗಲಿ, ಮೊಮ್ಮಗುವನ್ನಾಗಲಿ ಎತ್ತಲಾಗದು. ಎತ್ತಿದರೆ ಹೊಲಿಗೆಯ ಬಳಿ ಅಥವಾ ಸ್ಟೋಮಾದ ಪಕ್ಕದಲ್ಲಿ ಕರುಳು ಉಬ್ಬಿ ಹೊರಬರುವ ಸಂಭವವುಂಟು.

ಆಹಾರವನ್ನು ಗಂಜಿ, ಮೆತ್ತನೆಯ ಮೊಸರನ್ನ, ರಾಗಿ ಅಂಬಲಿಗಳಿಂದ ಆರಂಭಿಸಿ, ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಬೇಳೆ, ಹಾಲು, ಮೊಟ್ಟೆ ಮುಂತಾದ ಪುಷ್ಟಿಕರ ಪದಾರ್ಥಗಳು ಗಾಯ ಮಾಯಲು ಅವಶ್ಯ. ವೈದ್ಯರು ಬೇರೆ ಹೇಳದಿದ್ದಲ್ಲಿ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಬೇಕು. ಜೂನ್ ತಿಂಗಳ ದೆಹಲಿಯ ಸೆಖೆಯಲ್ಲಿ ಅದಕ್ಕಿಂತಲೂ ಹೆಚ್ಚು ಬೇಕಾದೀತು. ನಿರ್ಜಲ ಏಕಾದಶಿಯಂತಹ ಉಪವಾಸಗಳನ್ನು ಇವರು ಆಚರಿಸುವುದು ತರವಲ್ಲ. ಬೀಟ್‌ರೂಟ್ ಪಲ್ಯ ತಿಂದ ದಿನ ಮೂತ್ರ ಕೆಂಪಾದರೆ ಹೆದರಬೇಕಾಗಿಲ್ಲ. ಮೂತ್ರದಲ್ಲಿ ಲೋಳೆಯ ಎಳೆಗಳು ಕಾಣುವುದೂ ಸಹಜ. ಕರುಳು ತನ್ನ ಹಳೆಯ ಗುಣವನ್ನು ಬಿಡುವುದಿಲ್ಲ.

ಆರೋಗ್ಯಕರ ಸ್ಟೋಮಾ ಬಾಯಿಯ ಒಳಭಾಗದಂತೆ ಕೆಂಪಾಗಿಯೂ ತೇವವಾಗಿಯೂ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬರಬಹುದು. ಮೊದಲ ಆರೆಂಟು ವಾರಗಳಲ್ಲಿ ಅದು ಕುಗ್ಗುತ್ತದಾದ್ದರಿಂದ ಅಳತೆಯನ್ನು ಮತ್ತೆ ಮತ್ತೆ ನೋಡಿ ಚೀಲದ ರಂಧ್ರವನ್ನು ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಸುತ್ತಲಿನ ಚರ್ಮಕ್ಕೆ ಎಣ್ಣೆ, ಪೌಡರ್ ಹಚ್ಚಿದರೆ ಚೀಲ ಅಂಟುವುದಿಲ್ಲ. ಚೀಲ ಮೂರನೆಯ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿದರೆ ಭಾರಕ್ಕೆ ಕಳಚುವುದಿಲ್ಲ. ಮೂರರಿಂದ ಐದು ದಿನಗಳಿಗೊಮ್ಮೆ, ಬೆಳಿಗ್ಗೆ ಎದ್ದೊಡನೆ ಏನೂ ಕುಡಿಯುವ ಮೊದಲು ಚೀಲ ಬದಲಿಸುವುದು ಸುಲಭ. ರಾತ್ರಿ ಉದ್ದದ ಕೊಳವೆಯ ದೊಡ್ಡ ಚೀಲವನ್ನು ಜೋಡಿಸಿಕೊಂಡರೆ ನಿದ್ರೆಗೆ ಭಂಗವಿಲ್ಲ.

ಚಳಿಜ್ವರ, ಮೂತ್ರ ನಿಂತುಹೋಗುವುದು, ಸ್ಟೋಮಾ ಕಪ್ಪಾಗುವುದು, ಹೊಟ್ಟೆಯುಬ್ಬರದೊಡನೆ ವಾಂತಿ, ಒಂದು ಕಾಲು ಊದುವುದು, ಉಸಿರಾಟದ ಕಷ್ಟ, ಮಂಕು ಕವಿಯುವುದು – ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಕರುಳಿನ ಮೂಲಕ ಬರುವ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಇರುವುದು ಸಾಮಾನ್ಯ. ಚೀಲದಿಂದಲೇ ಮಾದರಿ ತೆಗೆದು ಬಡಾವಣೆಯ ಪ್ರಯೋಗಾಲಯಕ್ಕೆ ಕೊಟ್ಟರೆ ‘ಸೋಂಕು’ ಎಂಬ ವರದಿ ಬಂದೇ ಬರುತ್ತದೆ. ಜ್ವರ ಮುಂತಾದ ಲಕ್ಷಣಗಳಿಲ್ಲದೆ ಕೇವಲ ಆ ವರದಿಯನ್ನು ನಂಬಿ ಔಷಧ ನುಂಗುವುದು ಸಲ್ಲದು. ಮೂತ್ರಪಿಂಡಗಳ ಪರೀಕ್ಷೆ, ಸ್ಕ್ಯಾನ್, ರಕ್ತದ ಆಮ್ಲಾಂಶದ ಪರೀಕ್ಷೆ, ಕರುಳಿನ ಭಾಗ ಹೋದುದರಿಂದ ಕಡಿಮೆಯಾಗಬಹುದಾದ ಬಿ12 ಜೀವಸತ್ವದ ಪರೀಕ್ಷೆ – ಇವು ವರ್ಷಗಟ್ಟಲೆ ನಡೆಯಬೇಕು.

ಭಾಷೆಯ ಪ್ರಶ್ನೆ

ಮೇಲೆ ಹೇಳಿದ ಕೆಲಸಗಳನ್ನೆಲ್ಲ ಮಾಡಬೇಕಾದವರು ಯಾರು? ರೋಗಿಯೇ. ಚೇತರಿಕೆ ಎಂಬುದರ ನಿಜವಾದ ಅರ್ಥ, ನನ್ನ ಅಭಿಪ್ರಾಯದಲ್ಲಿ, ತನ್ನ ದೇಹದ ಕೆಲಸವನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯ ಮರಳಿ ಬರುವುದು. ಇಲ್ಲಿಯೇ ನಮ್ಮಂತಹ ಪರಸ್ಥಳದ ಕನ್ನಡಿಗರಿಗೆ ವಿಶಿಷ್ಟವಾದ ತೊಡಕೊಂದು ಎದುರಾಗುತ್ತದೆ.

ಇಂದಿರಾಪುರಂನ ಶಕ್ತಿ ಖಂಡ, ನೀತಿ ಖಂಡ, ವೈಭವ ಖಂಡಗಳ ಎತ್ತರದ ಕಟ್ಟಡಗಳಲ್ಲಿ ನೆಲೆಸಿರುವ ನಮ್ಮ ಸಂಸಾರಗಳನ್ನು ನೆನೆಯಿರಿ. ಮಗ, ಸೊಸೆ ನೋಯಿಡಾದಲ್ಲೋ ದೆಹಲಿಯಲ್ಲೋ ಉದ್ಯೋಗದಲ್ಲಿದ್ದಾರೆ. ಹಾವೇರಿಯಿಂದಲೋ ಹಾಸನದಿಂದಲೋ ಬಂದ ತಂದೆ ತಾಯಿಗಳು ಇಳಿವಯಸ್ಸಿನಲ್ಲಿ ಅವರೊಡನಿದ್ದಾರೆ. ಮೂತ್ರಕೋಶದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಅರವತ್ತು ದಾಟಿದವರಿಗೇ. ಚಿಕಿತ್ಸೆ ದೊರೆಯುವುದು ದೆಹಲಿಯ ಏಮ್ಸ್‌ನಲ್ಲಿ, ರೋಹಿಣಿಯ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆಯಲ್ಲಿ ಅಥವಾ ಇನ್ನಾವುದೋ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿನ ದಾದಿ ಚೀಲ ಬದಲಿಸುವ ಕ್ರಮವನ್ನು ಹಿಂದಿಯಲ್ಲಿ ತಿಳಿಸುತ್ತಾರೆ. ಕೈಗೆ ಕೊಡುವ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಕನ್ನಡವೊಂದನ್ನೇ ಬಲ್ಲ ಹಿರಿಯರು ಸುಮ್ಮನೆ ನೋಡುತ್ತಿರುತ್ತಾರೆ, ಮಗ ಕಲಿತುಕೊಳ್ಳುತ್ತಾನೆ. ಮಗ ಕಛೇರಿಗೆ ಹೋದ ಸೋಮವಾರ ಮಧ್ಯಾಹ್ನ ಚೀಲ ಸೋರಿದರೆ ಮನೆಯಲ್ಲಿರುವುದು ಸೊಸೆ ಮಾತ್ರ. ಮಾವನವರು ಅವಳನ್ನು ಕರೆಯಲಾರರು. ಅವಳು ತಾನಾಗಿ ಹೋಗಲಾರಳು. ಒದ್ದೆ ಪಂಚೆಯಲ್ಲಿ ಅವರು ಸಂಜೆಯವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುತ್ತಾರೆ. ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಮುಂದಿನ ಚೀಲ ಅದರ ಮೇಲೆ ಅಂಟುವುದಿಲ್ಲ.

‘ಮಕ್ಕಳಿಗೆ ಹಿಂದಿ ಬರುತ್ತದಲ್ಲ, ಸಾಲದೆ?’ ಎಂದು ಕೇಳುವವರಿಗೆ ಈ ಚಿತ್ರವೇ ಉತ್ತರ. ಮಕ್ಕಳ ಹಿಂದಿ ಔಷಧದ ಚೀಟಿಗೆ ಸಾಕು, ಚೀಲಕ್ಕೆ ಸಾಲದು. ಕಲಿಯಬೇಕಾದ ಕೈ ತಂದೆಯದು; ಆ ಕೈಗೆ ಪಾಠ ಕನ್ನಡದಲ್ಲಿಯೇ ಆಗಬೇಕು.

ಶಸ್ತ್ರಚಿಕಿತ್ಸೆಗೆ ಮೊದಲೇ ಭಾಷೆಯ ಅಗತ್ಯ ತಲೆದೋರುತ್ತದೆ. ಸ್ಟೋಮಾ ಎಲ್ಲಿರಬೇಕೆಂಬುದನ್ನು ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಮೇಲೆ ಗುರುತು ಹಾಕುವುದು ಒಳ್ಳೆಯ ಪದ್ಧತಿ. ಆಗ ತಾನು ಪಂಚೆಯನ್ನು ಎಲ್ಲಿ ಕಟ್ಟುತ್ತೇನೆ, ಉಡಿದಾರ ಎಲ್ಲಿ ನಿಲ್ಲುತ್ತದೆ, ಸೀರೆಯ ನೆರಿಗೆಯೂ ಲಂಗದ ಲಾಡಿಯೂ ಎಲ್ಲಿ ಬರುತ್ತವೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಪೂಜೆ ಮಾಡುವ ಅಭ್ಯಾಸವಿದೆಯೇ ಎಂಬುದನ್ನು ರೋಗಿ ಹೇಳಬೇಕು. ಹೇಳಲು ಭಾಷೆಯಿಲ್ಲದೆ ಗುರುತು ಎರಡು ಅಂಗುಲ ತಪ್ಪಿದರೆ, ಮುಂದಿನ ಬದುಕಿನಲ್ಲಿ ಪ್ರತಿದಿನವೂ ಲಾಡಿ ಚೀಲವನ್ನು ಒತ್ತುತ್ತಿರುತ್ತದೆ.

ಮಡಿಯೂ ನಾಚಿಕೆಯೂ

ಭಾಷೆಗಿಂತಲೂ ಆಳವಾದ ಅಡ್ಡಿ ಮನಸ್ಸಿನದು. ಸದಾ ಮೂತ್ರದ ಚೀಲವನ್ನು ಧರಿಸಿದವರು ದೇವರ ಮನೆಯನ್ನು ಪ್ರವೇಶಿಸಬಹುದೇ? ಅಡಿಗೆ ಮಾಡಬಹುದೇ? ಜನಿವಾರವನ್ನು ಕಿವಿಗೇರಿಸುವುದು ಯಾವಾಗ, ಇಳಿಸುವುದು ಯಾವಾಗ? ಈ ಪ್ರಶ್ನೆಗಳನ್ನು ನಗರದ ವಿದ್ಯಾವಂತರು ಹಾಸ್ಯಕ್ಕೆ ವಸ್ತುವಾಗಿಸಬಹುದು. ಆದರೆ ಅರುವತ್ತು ವರ್ಷ ನಿಷ್ಠೆಯಿಂದ ನಡೆದುಕೊಂಡವರಿಗೆ ಇವು ಪ್ರಾಣಕ್ಕೆ ಸಮಾನವಾದ ಪ್ರಶ್ನೆಗಳು. ಉತ್ತರ ದೊರೆಯದಿದ್ದರೆ ಅವರು ಪೂಜೆಯನ್ನೂ ದೇವಾಲಯವನ್ನೂ ತಾವಾಗಿಯೇ ತೊರೆಯುತ್ತಾರೆ. ರೋಗ ಕಸಿದುಕೊಳ್ಳದಿದ್ದುದನ್ನು ಸಂಕೋಚ ಕಸಿದುಕೊಳ್ಳುತ್ತದೆ.

ಸ್ವಲ್ಪ ವಿಚಾರಮಾಡೋಣ. ಗರ್ಭಗುಡಿಯ ಎದುರು ಕೈಮುಗಿದು ನಿಂತ ಪ್ರತಿಯೊಬ್ಬರ ಕಿಬ್ಬೊಟ್ಟೆಯಲ್ಲಿಯೂ ಆ ಕ್ಷಣದಲ್ಲಿ ಮೂತ್ರವಿದ್ದೇ ಇದೆ. ಅದರಿಂದ ಯಾರಿಗೂ ಮೈಲಿಗೆಯಾಗಿಲ್ಲ. ಈ ರೋಗಿಯಲ್ಲಿ ಅದೇ ಸಂಗ್ರಹ ನಾಲ್ಕಂಗುಲ ಹೊರಕ್ಕೆ ಬಂದಿದೆ, ಅಷ್ಟೆ. ಸರಿಯಾಗಿ ಅಂಟಿಸಿದ ಚೀಲದಿಂದ ಹನಿಯೂ ಹೊರಬೀಳುವುದಿಲ್ಲ, ವಾಸನೆಯೂ ಬರುವುದಿಲ್ಲ. ಅದು ಉಟ್ಟ ವಸ್ತುವಲ್ಲ, ದೇಹದ ಅಂಗವೇ ಆಗಿದೆ. ಕನ್ನಡಕವಿಲ್ಲದೆ ಓದಲಾರದವರಿಗೆ ಕನ್ನಡಕ ಕಣ್ಣಾದಂತೆ ಇವರಿಗೆ ಚೀಲವೇ ಮೂತ್ರಕೋಶ. ಸ್ನಾನ ಮಾಡಿ ಶುದ್ಧವಸ್ತ್ರ ಧರಿಸಿದ ಮೇಲೆ ಇವರ ಮಡಿಗೆ ಕೊರತೆಯಿಲ್ಲವೆಂದು ಹೇಳುವ ಧೈರ್ಯವನ್ನು ನಮ್ಮ ಪುರೋಹಿತರೂ ಹಿರಿಯರೂ ತೋರಬೇಕು. ವೈದ್ಯರ ಹತ್ತು ಮಾತುಗಳಿಗಿಂತ ಪುರೋಹಿತರ ಒಂದು ಮಾತು ಅಂತಹ ಮನೆಯಲ್ಲಿ ಹೆಚ್ಚು ಕೆಲಸ ಮಾಡೀತು.

ದಾಂಪತ್ಯದ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಈ ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಧಕ್ಕೆಯಾಗುವುದರಿಂದ ಪುರುಷರಲ್ಲಿಯೂ ಸ್ತ್ರೀಯರಲ್ಲಿಯೂ ಲೈಂಗಿಕ ತೊಂದರೆಗಳು ಉಂಟಾಗುವುದು ಸಾಮಾನ್ಯ. ಕೆಲವಕ್ಕೆ ಚಿಕಿತ್ಸೆಯುಂಟು. ಪತಿಪತ್ನಿಯರಿಬ್ಬರೂ ಒಟ್ಟಿಗೆ ವೈದ್ಯರನ್ನು ಕಂಡು ಕೇಳುವುದರಲ್ಲಿ ಅವಮಾನವೇನಿಲ್ಲ. ಮಾತಿಲ್ಲದೆ ದೂರವಾಗುವ ದಂಪತಿಗಳ ಮನೋವ್ಯಥೆ ಗಾಯಕ್ಕಿಂತ ನಿಧಾನವಾಗಿ ಮಾಯುತ್ತದೆ.

ಹಣದ ಭಾರ

ಚೀಲಗಳು ಒಂದು ಬಾರಿಯ ಖರ್ಚಲ್ಲ. ಬದುಕಿರುವವರೆಗೆ ಕೊಳ್ಳಬೇಕಾದ ವಸ್ತು. ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು ಎಪ್ಪತ್ತು ವರ್ಷ ತುಂಬಿದ ಎಲ್ಲರಿಗೂ, ಆದಾಯವನ್ನು ಲೆಕ್ಕಿಸದೆ, ವಿಸ್ತರಿಸಿದ್ದು ಶ್ಲಾಘ್ಯ. ಆದರೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಆ ನೆರವು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ ಸೇರಿದ್ದು. ಬಿಡುಗಡೆಯಾದ ಮೇಲೆ 15 ದಿನಗಳವರೆಗೆ ಮಾತ್ರ ಅದರ ನೆರಳು. ಹದಿನಾರನೆಯ ದಿನದಿಂದ ಚೀಲದ ಖರ್ಚು ಸಂಸಾರದ್ದೇ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಹೆಸರಿಸಿದ 21 ವಿಧಗಳಲ್ಲಿಯೂ ಸ್ಟೋಮಾ ಇರುವವರು ಸೇರಿಲ್ಲ. ಖರ್ಚು ಉಳಿಸಲೆಂದು ಒಂದೇ ಚೀಲವನ್ನು ಹತ್ತು ದಿನ ಉಪಯೋಗಿಸಿ ಚರ್ಮ ಕೆಡಿಸಿಕೊಳ್ಳುವುದು ಬಡತನದ ಫಲವೇ ಹೊರತು ಅಜ್ಞಾನದ್ದಲ್ಲ. ಈ ಲೋಪವನ್ನು ಸರ್ಕಾರಗಳು ಸರಿಪಡಿಸಬೇಕು. ಹಾಗೆಂದು ಒತ್ತಾಯಿಸುವುದು ನಮ್ಮಂತಹ ಸಂಘಗಳಿಗೂ ಸೇರಿದ ಕೆಲಸ.

ಸಂಘ ಮಾಡಬಹುದಾದುದು

‘ಕನ್ನಡ ಸಂಘವಿರುವುದು ರಾಜ್ಯೋತ್ಸವಕ್ಕೆ, ನಾಟಕ ಯಕ್ಷಗಾನಗಳಿಗೆ, ಆಸ್ಪತ್ರೆಯ ಗೊಡವೆ ಅದಕ್ಕೇಕೆ?’ ಎಂಬ ಆಕ್ಷೇಪಣೆ ಬರಬಹುದು. ಕನ್ನಡ ಉಳಿಯಬೇಕೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಮನುಷ್ಯನಿಗೆ ತಾಯ್ನುಡಿ ಅತ್ಯಂತ ಅಗತ್ಯವಾಗುವುದು ವೇದಿಕೆಯ ಮೇಲಲ್ಲ, ಹಾಸಿಗೆಯ ಮೇಲೆ. ನೋವು, ಭಯ, ನಾಚಿಕೆಗಳನ್ನು ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದು ಸುಲಭವಲ್ಲ. ಅಲ್ಲಿ ಕನ್ನಡವನ್ನು ಒದಗಿಸುವುದು ಭಾಷಾಸೇವೆಯೇ ಆಗಿದೆ.

ಮೊದಲನೆಯದಾಗಿ, ಸ್ಟೋಮಾ ಆರೈಕೆಯ ಎರಡು ಪುಟಗಳ ಸಚಿತ್ರ ಕನ್ನಡ ಕೈಪಿಡಿಯೊಂದನ್ನು, ನಮ್ಮಲ್ಲಿರುವ ವೈದ್ಯರಿಂದ ಪರಿಶೀಲಿಸಿ ಮುದ್ರಿಸಬೇಕು. ಎರಡನೆಯದಾಗಿ, ಇಂದಿರಾಪುರಂ, ವೈಶಾಲಿ, ವಸುಂಧರಾ, ನೋಯಿಡಾಗಳಲ್ಲಿರುವ ಸದಸ್ಯರಲ್ಲಿ, ಬೇಕಾದಾಗ ಒಂದು ಬೆಳಗಿನ ಹೊತ್ತು ಆಸ್ಪತ್ರೆಗೆ ಬಂದು ರೋಗಿಗೂ ದಾದಿಗೂ ನಡುವೆ ಭಾಷೆಯ ಸೇತುವಾಗಬಲ್ಲವರ ಪಟ್ಟಿ ಸಿದ್ಧವಾಗಬೇಕು. ನಿವೃತ್ತರು ಈ ಕೆಲಸಕ್ಕೆ ಬಹಳ ಯೋಗ್ಯರು. ಸ್ತ್ರೀ ರೋಗಿಗಳಿಗೆ ಸ್ತ್ರೀಯರೇ ಹೋಗಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ದಾರಿಯನ್ನು ದಾಟಿದವರು ಹೊಸ ರೋಗಿಯನ್ನು ಭೇಟಿಯಾಗುವಂತಾಗಬೇಕು. ಸ್ಟೋಮಾ ಆರೈಕೆಯ ದಾದಿಯರ ವೃತ್ತಿಯೇ ಹುಟ್ಟಿದ್ದು ಒಬ್ಬ ರೋಗಿಯಿಂದ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಸ್ವತಃ ಅಂತಹ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ನಾರ್ಮಾ ಗಿಲ್ ಎಂಬಾಕೆಯನ್ನು ಅವರ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಇತರ ರೋಗಿಗಳಿಗೆ ಕಲಿಸಲು ನೇಮಿಸಿದರು. ನಮ್ಮ ದೇಶದಲ್ಲಿಯೂ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ಶಿಕ್ಷಣವಿದೆ. ಅದೇ ನಗರದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಸ್ಟೋಮಾ ಇರುವವರ ನೆರವಿಗೆ ನಿಂತಿದೆ. ಚೀಲ ಧರಿಸಿಯೇ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿ ಮೊಮ್ಮಗಳ ಮದುವೆಯಲ್ಲಿ ಓಡಾಡಿ ಬಂದವರೊಬ್ಬರು ಎದುರಿಗೆ ಕುಳಿತು, ‘ನೋಡಿ ರಾಯರೇ, ನಾನೂ ನಿಮ್ಮ ಹಾಗೆಯೇ ಇದ್ದೆ. ಕತ್ತರಿಸಿಟ್ಟ ಚೀಲಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಪೆಟ್ಟಿಗೆಯಲ್ಲಿ ಬೇಡ’ ಎಂದು ಹೇಳಿದರೆ, ಆ ಮಾತಿಗೆ ಯಾವ ಪುಸ್ತಕವೂ ಸಮವಲ್ಲ. ಹೆಸರುಗಳನ್ನು ಗೋಪ್ಯವಾಗಿಡುವುದು, ಒಪ್ಪಿದವರನ್ನು ಮಾತ್ರ ಕಳುಹಿಸುವುದು ಸಂಘದ ಹೊಣೆ.

ನಾಲ್ಕನೆಯದು ತೀರ ಚಿಕ್ಕ ಕೆಲಸ. ನಾವು ಬಾಡಿಗೆಗೆ ಹಿಡಿಯುವ ಸಭಾಂಗಣದ ಒಂದು ಶೌಚಾಲಯದಲ್ಲಾದರೂ ಬಾಗಿಲಿಗೆ ಒಂದು ಕೊಕ್ಕೆ, ಸಾಮಾನಿಡಲು ಒಂದು ಹಲಗೆ, ಮುಚ್ಚಳವಿರುವ ಕಸದ ಬುಟ್ಟಿ, ನೀರು, ಸಾಬೂನು ಇರುವಂತೆ ನೋಡಿಕೊಳ್ಳಬೇಕು. ಅವು ಇವೆಯೆಂದು ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಅಚ್ಚಾಗಲಿ. ಮೂರು ಗಂಟೆಯ ನಾಟಕಕ್ಕೆ ಬರಲು ಹೆದರಿ ಮನೆಯಲ್ಲೇ ಉಳಿದವರು ಆ ಒಂದು ಸಾಲನ್ನು ಓದಿ ಹೊರಡಬಹುದು.

ಶಸ್ತ್ರವೈದ್ಯರು ತಮ್ಮ ಕೆಲಸವನ್ನು ಕೆಲವು ಗಂಟೆಗಳಲ್ಲಿ ಮುಗಿಸುತ್ತಾರೆ. ಉಳಿದ ಕೆಲಸ ಮನೆಯವರದು, ನೆರೆಯವರದು, ಸಂಘದವರದು. ಕನ್ನಡ ಬಂಧುಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ನಾಲ್ಕು ಸಲಹೆಗಳನ್ನು ಪರಿಗಣಿಸಿ, ಕನಿಷ್ಠಪಕ್ಷ ಕೈಪಿಡಿಯೊಂದನ್ನಾದರೂ ಈ ವರ್ಷವೇ ಹೊರತರುವರೆಂದು ಆಶಿಸುತ್ತೇನೆ.